ಕಚ್ಚಿಕೊಂಡ ಬೇರಿಂಗು, ಕಟ್ಟಿಕೊಂಡು ಬಂದ ಬುತ್ತಿ

ಚಿಕ್ಕೋಡಿಯಲ್ಲಿ ಗ್ಯಾರೇಜು ಇಟ್ಟವನಿಗೆ ನಗಲು ಬೇರೆ ನಾಟಕ ಬೇಕಿಲ್ಲ. ಗಾಡಿಯ ಗೇರ್‌ಬಾಕ್ಸು ಕೆಳಗಿಳಿಯಬೇಕು, ಅದರಲ್ಲೊಂದು ನಟ್ಟು ಬರಲಾರೆನೆಂದು ಹಟ ಹಿಡಿಯಬೇಕು, ಅಷ್ಟೇ. ಇಡೀ ಬಜಾರು ಬಂದು ಸುತ್ತ ನಿಲ್ಲುತ್ತಿತ್ತು. ಎಂಬತ್ತು-ತೊಂಬತ್ತರ ದಶಕದ ಮಾತಿದು. ಹೆಂಡತಿ ತೀರಿಕೊಂಡ ಮೇಲೆ ಗ್ಯಾರೇಜಿನ ಹಿಂದಿನ ಖೋಲಿಯೇ ನನ್ನ ಮನೆ. ಒಬ್ಬನೇ ಬೇಯಿಸಿ ಒಬ್ಬನೇ ಉಣ್ಣುವುದು ನನಗೆ ಒಗ್ಗಲೇ ಇಲ್ಲ. ಅದಕ್ಕೇ ನಟ್ಟು ಬರದ ದಿನ ಬಾಯಲ್ಲಿ ಬೈಗುಳವಿದ್ದರೂ ಒಳಗೆ ಬೇಸರವಿರುತ್ತಿರಲಿಲ್ಲ. ಮಾತಿಗೆ ಮಂದಿ ಇರುತ್ತಿದ್ದರು.

೧. ಪೈಲ್ವಾನರ ಕುಸ್ತಿ

ಒಂದು ಜೀಪಿನ ಗೇರ್‌ಬಾಕ್ಸು ಇಳಿಸುತ್ತಿದ್ದೆ. ಎಲ್ಲ ಬೋಲ್ಟು ಬಂದವು, ಒಂದು ಬರಲಿಲ್ಲ. ಬೋಲ್ಟು ತಿರುಗಿಸುವ ಪಾನಾಕ್ಕೆ ಉದ್ದನೆಯ ಪೈಪು ತೊಡಿಸಿ ಜೋತುಬಿದ್ದೆ. ನಾನು ಅಲ್ಲಾಡಿದೆ, ಅದು ಅಲ್ಲಾಡಲಿಲ್ಲ.

"ಚಿಮಣಿ ಎಣ್ಣಿ ಹಾಕ್ರಿ" ಎಂದ ಪಾನ್ ಅಂಗಡಿಯವನು. "ಕಾಸ್ರಿ ಅದನ್ನ" ಎಂದ ದರ್ಜಿ. ಕಡೆಗೆ ಯಾರೋ ಕುಸ್ತಿಯ ತಾಲೀಮಿನಿಂದ ಪೈಲ್ವಾನರೊಬ್ಬರನ್ನೇ ಕರೆತಂದರು. ಅವರು ಅಂಗಿ ಕಳಚಿದರು, ಅಂಗೈಗೆ ಮಣ್ಣು ತಿಕ್ಕಿಕೊಂಡರು, ತೊಡೆ ತಟ್ಟಿದರು, ಪೈಪು ಹಿಡಿದು ಒಂದೇ ಜಗ್ಗು! ಟಕ್ಕೆಂದಿತು. "ಕುಸ್ತಿ ನಿಕಾಲಿ! ಪೈಲ್ವಾನ್ರು ಗೆದ್ರು!" ಎಂದು ಮಂದಿ ಶಿಳ್ಳೆ ಹೊಡೆದರು. ಪಾನ್ ಅಂಗಡಿಯವನು ತನ್ನ ಟವೆಲನ್ನೇ ಪಟಗವೆಂದು ಅವರ ತಲೆಗೆ ಸುತ್ತಿದ. ಮೆರವಣಿಗೆ ಚಹಾದ ಅಂಗಡಿಗೆ ಹೋಯಿತು.

ನಾನು ಪಾನಾದೊಳಗೆ ನೋಡಿದೆ. ಬೋಲ್ಟಿನ ತಲೆ ಮಾತ್ರ ಇತ್ತು, ಮುಂಡ ಗೇರ್‌ಬಾಕ್ಸಿನಲ್ಲೇ ಉಳಿದಿತ್ತು. ಅದನ್ನು ಕೊರೆದು ತೆಗೆಯುವಷ್ಟರಲ್ಲಿ ನನ್ನ ಜೀವ ಅರ್ಧವಾಯಿತು. ಅದನ್ನು ನೋಡಲು ಒಬ್ಬನೂ ಬರಲಿಲ್ಲ. ಪೈಲ್ವಾನರು ಮಾತ್ರ ದಾರಿಯಲ್ಲಿ ಸಿಕ್ಕಾಗಲೆಲ್ಲ ಮೀಸೆ ತಿರುವಿ ಕೇಳುತ್ತಿದ್ದರು, "ಮತ್ತ ಯಾವುದಾರ ಬೋಲ್ಟ್ ಐತೇನ್ರಿ?"

೨. ಹಳೂಕ ಬಡೀರಿ

ನಿಪ್ಪಾಣಿಯ ತಂಬಾಕು ವ್ಯಾಪಾರಿಯೊಬ್ಬರಿಗೆ ತಮ್ಮ ಹಳೆಯ ಕಾರೆಂದರೆ ಪ್ರಾಣ. ಅದರ ಗೇರ್‌ಬಾಕ್ಸಿನ ಶಾಫ್ಟು ಜಪ್ಪಯ್ಯ ಎಂದರೂ ಹೊರಗೆ ಬರಲಿಲ್ಲ. ನಾನು ಸುತ್ತಿಗೆ ಎತ್ತಿದಾಗಲೆಲ್ಲ ಅವರು ಎದೆ ಹಿಡಿದುಕೊಳ್ಳುವರು. "ಅಹೋ ಮಿಸ್ತ್ರಿ, ಹಳೂ ಹಳೂ! ಹಳೂಕ ಬಡೀರಿ!"

ಹೀಗೆ ಮೆಲ್ಲಗೆ ಬಡಿದರೆ ಶಾಫ್ಟಿಗೆ ನಿದ್ದೆ ಬರುತ್ತದೆಯೇ ಹೊರತು ಅದು ಹೊರಗೆ ಬರುವುದಿಲ್ಲ. "ಸಾವಕಾರ್ರ, ಒಂದ್ ಚಹಾ ಕುಡದ ಬರ್ರಿ" ಎಂದು ಸಾಗಹಾಕಿದೆ. ಅವರು ರಸ್ತೆ ದಾಟಿದ್ದೇ ತಡ, ದೊಡ್ಡ ಸುತ್ತಿಗೆ ತೆಗೆದು ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಬಾರಿಸಿದೆ. ಮೂಲೆಯಲ್ಲಿ ಮಲಗಿದ್ದ ಬೆಕ್ಕು ಊರು ಬಿಟ್ಟಿತು, ಶಾಫ್ಟು ಹೊರಗೆ ಬಂತು. ಚಹಾ ಕುಡಿದು ಬಂದ ಸಾಹುಕಾರರು ನನ್ನ ಬೆನ್ನು ಚಪ್ಪರಿಸಿದರು. "ನಾ ಹೇಳಿರ್ಲಿಲ್ಲೇನು? ಹಳೂಕ ಬಡದ್ರ ತಾನ ಬರತೈತಿ!"

೩. ಹೊತ್ತು ಮುಳುಗುವುದರೊಳಗೆ

ರಾಯಬಾಗದ ಕಡೆಯ ಹಿರಿಯರೊಬ್ಬರು ಕಾರು ಎಳೆಸಿಕೊಂಡು ಬಂದರು. ಕಬ್ಬಿನ ಹೊಲವಿದ್ದ ಜೈನ ರೈತರು. ಎಲ್ಲರೂ ಅವರನ್ನು ಅಣ್ಣಾರು ಎನ್ನುತ್ತಿದ್ದರು. ಬಿಚ್ಚಿ ನೋಡಿದರೆ ಗೇರ್‌ಬಾಕ್ಸಿನ ಬೇರಿಂಗು ಶಾಫ್ಟಿಗೆ ಕಚ್ಚಿಕೊಂಡು ಕೂತಿತ್ತು. ಕೀಳುವ ಪುಲ್ಲರ್ ಹಾಕಿ ಬಿಗಿದೆ. ಜಗ್ಗಲಿಲ್ಲ. ಅಷ್ಟರಲ್ಲಿ ಇಳಿಹೊತ್ತಾಯಿತು. ಅಣ್ಣಾರು ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವವರಲ್ಲ. ತಂದಿದ್ದ ಬುತ್ತಿ ಬಿಚ್ಚಿ, "ಒಬ್ಬನ ಹೆಂಗ ಉಣ್ಣಲ್ರಿ? ಬರ್ರಿ, ಕೂಡ್ರಿ" ಎಂದರು.

ನಾನು ರೂಢಿಯಂತೆ ಉಳ್ಳಾಗಡ್ಡಿ ತೆಗೆದು ಗುದ್ದಲು ಹೋದೆ. ಅವರು ಗಾಬರಿಯಿಂದ ಬುತ್ತಿಗೆ ಕೈ ಅಡ್ಡ ಹಿಡಿದರು. "ಅದೊಂದ ಬ್ಯಾಡ್ರಿ! ನಮಗ ನಡ್ಯಾಂಗಿಲ್ಲ." ಇಬ್ಬರೂ ನಕ್ಕೆವು. ರೊಟ್ಟಿ ಮುರಿಯುತ್ತ ಅವರು ಹೇಳಿದರು, "ಮನ್ಯಾಗ ಮಂದಿ ಭಾಳ ಅದಾರ್ರಿ. ಆದ್ರ ಎಲ್ಲಾರೂ ಟಿವಿ ನೋಡಕೋತ ರಾತ್ರಿ ಉಣತಾರ. ಹೊತ್ತಿನ್ಯಾಗ ಉಣ್ಣಾಂವ ನಾ ಒಬ್ಬನ."

ಅಷ್ಟು ತುಂಬಿದ ಮನೆಯಲ್ಲೂ ಒಬ್ಬರೇ ಉಣ್ಣುವುದೆಂದರೆ!

ಮರುದಿನ ಅವರು ಬಸ್ಸು ಹಿಡಿದು ಬಂದರು. ಬುತ್ತಿ ಇಬ್ಬರಿಗಾಗುವಷ್ಟಿತ್ತು. "ಬೇರಿಂಗ್ ಬಂತೇನ್ರಿ?" "ಇಲ್ರಿ." "ಅವಸರಿಲ್ಲ ಬಿಡ್ರಿ" ಎನ್ನುವಾಗ ಅವರ ಮುಖ ಅರಳಿತ್ತು. ಅದರ ಮರುದಿನವೂ ಹಾಗೇ ಉಣ್ಣುತ್ತ ಕೂತಿದ್ದೆವು. ಮೂಲೆಯಲ್ಲಿ ಟಣ್ಣೆಂದಿತು. ಬಿಗಿದಿಟ್ಟಿದ್ದ ಪುಲ್ಲರಿನ ಸಮೇತ ಬೇರಿಂಗು ತಾನಾಗಿಯೇ ಕಳಚಿ ನೆಲಕ್ಕೆ ಬಿದ್ದಿತ್ತು. ಇಬ್ಬರೂ ಅಗಿಯುವುದನ್ನು ನಿಲ್ಲಿಸಿದೆವು.

"ಬಂತೇನ್ರಿ?" ಎಂದರು ಅಣ್ಣಾರು, ಸತ್ತವರ ಮಣ್ಣಿಗೆ ಬಂದವರ ದನಿಯಲ್ಲಿ.

"ಬಂತ್ರಿ" ಎಂದೆ. ನನ್ನ ದನಿಯೂ ಅಂಥದ್ದೇ ಇತ್ತು.

ಕಾರು ಸರಿಯಾಗಿ ಹೋಯಿತು. ಆ ಸಂಜೆ ಒಂದೇ ತಟ್ಟೆ ತೊಳೆಯುವಾಗ ಅಳು ಬಂತು, ಸುಳ್ಳೇಕೆ ಹೇಳಲಿ.

ತಿಂಗಳೊಪ್ಪತ್ತು ಕಳೆದಿರಬೇಕು. ಇಳಿಹೊತ್ತಿನಲ್ಲಿ ರಾಯಬಾಗದ ಬಸ್ಸು ನಿಂತಿತು, ಅಣ್ಣಾರು ಬುತ್ತಿ ಹಿಡಿದು ಅವಸರದಿಂದ ಬಂದರು. "ಮತ್ತ ಗೇರ್ ಬೀಳವಲ್ದು ನೋಡ್ರಿ. ಖರಖರ ಅಂತೈತಿ. ಬಿಚ್ಚಬೇಕಾಗತೈತಿ."

ಪಾನಾ ಹಿಡಿದು ಎದ್ದೆ. "ಗಾಡಿ ಎಲ್ಲೈತ್ರಿ?"

ಅವರು ತಿರುಗಿ ಖಾಲಿ ರಸ್ತೆಯನ್ನು ಒಮ್ಮೆ ನೋಡಿದರು.

"ಅಯ್ಯ, ಅದನ್ನ ತರೂದ ಮರತೆ ನೋಡ್ರಿ" ಎಂದರು. ಆಮೇಲೆ ಆಕಾಶ ನೋಡಿ ನನ್ನ ಕೈಯಿಂದ ಪಾನಾ ಕಿತ್ತುಕೊಂಡರು. "ಅದಿರ್ಲಿ, ಮೊದಲ ಕೈ ತೊಳಕೋರಿ. ಹೊತ್ತ ಮುಳಗಾಕತ್ತೈತಿ."