ಹಳೆಯ ಗಾಡಿಯ ನೆರಳು

ನನ್ನ ಮೋಟಾರ್ ಸೈಕಲ್ಲಿನ ಸದ್ದಿಗೆ ಹತ್ತು ಹನ್ನೆರಡು ವರ್ಷ ದಂಡ ತೆತ್ತವರು ಶಹಾಬಾದಿನ ಆಚೆ, ಭಂಕೂರಿನ ದಾರಿಯಲ್ಲಿರುವ ಒಂದು ಕಲ್ಲುಗಣಿಯ ಹೆಣ್ಣುಮಕ್ಕಳು. ನಾನಲ್ಲ, ಗಣಿಯ ಮಾಲೀಕರಲ್ಲ, ಆ ಸೈಲೆನ್ಸರಿನ ಒಳಗಿನ ಜಾಳಿಗೆಯನ್ನು ಕಿತ್ತೆಸೆದ ಮೆಕ್ಯಾನಿಕ್ಕೂ ಅಲ್ಲ. ಯಾವುದೇ ಅನ್ಯಾಯವನ್ನು ಹೇಳುವಾಗ ಮೊದಲು ಅನುಭವಿಸಿದವರನ್ನು ಹೇಳಬೇಕು, ಮಾಡಿದವರನ್ನು ಆಮೇಲೆ ಹೇಳಬೇಕು ಎಂದು ನಮ್ಮ ಸಮಿತಿಯ ಕಾರ್ಯಕರ್ತರಿಗೆ ಕಲಿಸಿದವನು ನಾನೇ. ಆದ್ದರಿಂದ ಆ ಕ್ರಮವನ್ನು ಪಾಲಿಸುತ್ತಿದ್ದೇನೆ. ಮಾಡಿದವರ ಸರದಿ ಬಂದಾಗ ನನ್ನ ದನಿ ತುಸು ಕುಗ್ಗಿದರೆ ಓದುಗರು ಅನ್ಯಥಾ ಭಾವಿಸಬಾರದು.

ನಾನು ಚಿತ್ತಾಪುರದ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ಮೇಷ್ಟ್ರು. ಮನೆ ವಾಡಿಯಲ್ಲಿ. ತೊಂಬತ್ತರ ದಶಕದ ಆರಂಭದಲ್ಲಿ, ಕಲ್ಲುಗಣಿ ಕೆಲಸಗಾರರ ಹಿತಕ್ಕಾಗಿ ನಾವು ಕೆಲವರು ಒಂದು ಸಮಿತಿ ಕಟ್ಟಿಕೊಂಡ ವರ್ಷವೇ, ಆ ಗಾಡಿ ಕೊಂಡೆ. ಅದರ ಹೆಸರು ಹೇಳುವುದಿಲ್ಲ. ಬಂಡವಾಳಗಾರರಿಗೆ ಬಿಟ್ಟಿ ಜಾಹೀರಾತು ಕೊಡುವುದು ನನ್ನ ತತ್ವಕ್ಕೆ ವಿರುದ್ಧ. ಎತ್ತರದ ಹ್ಯಾಂಡಲ್, ಗಟ್ಟಿ ಹಲ್ಲಿನ ಟೈರು, ನೀರು ಹೋಗದಂತೆ ಎತ್ತಿ ಕಟ್ಟಿದ ಸೈಲೆನ್ಸರ್ ಇದ್ದ, ಸಾಹಸಿಗಳಿಗೆಂದೇ ಮಾಡಿದ ಗಾಡಿ ಅದು. ಜಾಹೀರಾತಿನ ಚಿತ್ರದಲ್ಲಿ ಹಿಮದ ಬೆಟ್ಟ ಏರುತ್ತಿತ್ತು. ನಮ್ಮ ಸೀಮೆಯಲ್ಲಿ ಹಿಮವಿಲ್ಲ. ಆದರೆ ಬೆಳ್ಳಗಿನದು ಬೇಕೆಂದರೆ ಸಿಮೆಂಟಿನ ಧೂಳಿದೆ, ಬೆಟ್ಟ ಬೇಕೆಂದರೆ ಗಣಿಯಿಂದ ತೆಗೆದು ಸುರಿದ ಕಲ್ಲುಚೂರಿನ ಗುಡ್ಡಗಳಿವೆ, ಸಾಹಸ ಬೇಕೆಂದರೆ ವಾಡಿಯಿಂದ ಚಿತ್ತಾಪುರದವರೆಗಿನ ರಸ್ತೆಯೇ ಸಾಕು. ಆ ಗಾಡಿಯ ಮೇಲೆ ನಾನು ಆದಿತ್ಯನಗರದ ಸಿಮೆಂಟ್ ಲಾರಿಗಳ ಹಿಂದೆ ಧೂಳು ಕುಡಿದಿದ್ದೇನೆ, ಚಿಂಚೋಳಿಯ ಕಾಡಿನ ಅಂಚಿನ ತಾಂಡಾಗಳಿಗೆ ಸಾಕ್ಷರತೆಯ ಹಾಡು ಹೇಳಿಕೊಡಲು ಹೋಗಿದ್ದೇನೆ. ಒಮ್ಮೆ ಸೇಡಂ ಹತ್ತಿರ ಎರೆಮಣ್ಣಿನ ರಾಡಿಯಲ್ಲಿ ಹೂತುಹೋದಾಗ ನಾಲ್ವರು ರೈತರು ಗಾಡಿಯನ್ನು ಅನಾಮತ್ತಾಗಿ ಎತ್ತಿದರು. ಕೃತಜ್ಞತೆಯಿಂದ ಅವರಿಗೆ ಗ್ರಾಮೀಣ ರಸ್ತೆಗಳ ಬಗ್ಗೆ ಆಳುವವರಿಗಿರುವ ಉಪೇಕ್ಷೆಯನ್ನು ವಿವರಿಸತೊಡಗಿದೆ. ಸ್ವಲ್ಪ ಹೊತ್ತಿನ ಬಳಿಕ ಅವರಲ್ಲೊಬ್ಬ ಬಹಳ ವಿನಯದಿಂದ ಕೇಳಿದ: "ಸರ, ಗಾಡಿ ಕೆಳಗ ಇಡೂಣೇನ್ರಿ, ಇನ್ನಾ ಅದ ಏನ್ರಿ ಭಾಷಣ?"

ಆ ಗಾಡಿಯ ಸದ್ದು ಪ್ರಸಿದ್ಧವಾದದ್ದು. ಸೈಲೆನ್ಸರಿನಲ್ಲಿ ಮಸಿ ಕಟ್ಟಿ ಗಾಡಿ ಉಸಿರುಗಟ್ಟಿದಂತಾದಾಗ ಮೆಕ್ಯಾನಿಕ್ ಒಳಗಿನ ಜಾಳಿಗೆಯನ್ನೇ ತೆಗೆದುಬಿಟ್ಟ. ಅಂದಿನಿಂದ ಅದು ಮಾತಾಡುವುದನ್ನು ಬಿಟ್ಟು ಘೋಷಣೆ ಕೂಗಲು ಆರಂಭಿಸಿತು. ನನಗದು ಇಷ್ಟವಾಯಿತು. ದಮನಿತರ ಪರವಾಗಿ ಹೊರಟವನು ಬೆಕ್ಕಿನ ಹಾಗೆ ಹೋಗಬಾರದು ಎಂದು ವಾದಿಸಿದೆ. ರೈಲ್ವೆ ಗೇಟಿನ ಬಳಿ ನಾನು ಬಂದರೆ ಮನೆಯಲ್ಲಿ ನಮ್ಮವ್ವನಿಗೆ ಗೊತ್ತಾಗುತ್ತಿತ್ತು. "ರಾಘು ಬಂದ, ಒಲಿ ಮ್ಯಾಲ ಹಂಚ ಇಡವಾ" ಎಂದು ಆಕೆ ಸೊಸೆಗೆ ಹೇಳಿದರೆ, ನಾನು ಕಾಲು ತೊಳೆದು ಕೂಡುವಷ್ಟರಲ್ಲಿ ಬಿಸಿ ರೊಟ್ಟಿ ತಟ್ಟೆಗೆ ಬೀಳುತ್ತಿತ್ತು. ಸದ್ದನ್ನು ಕೇಳಿ ಜನ ಸಿದ್ಧರಾಗುತ್ತಾರೆ ಎಂಬ ಸಂಗತಿ ಹೀಗೆ ದಿನವೂ ರೊಟ್ಟಿಯ ರೂಪದಲ್ಲಿ ನನ್ನ ತಟ್ಟೆಗೆ ಬಂದು ಬೀಳುತ್ತಿದ್ದರೂ, ಸಮಾಜವನ್ನು ವಿಶ್ಲೇಷಿಸುವುದರಲ್ಲಿ ಮಗ್ನನಾಗಿದ್ದ ನನಗೆ ಅದು ಹೊಳೆಯಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಗಾಡಿಯ ಬಿಡಿಭಾಗಗಳು ಸಿಗದಾದವು, ನನ್ನ ಸೊಂಟವೂ ಮುಷ್ಕರ ಹೂಡಿತು. ಕೊನೆಗೆ ಅದೇ ಜಾತಿಯ, ಆದರೆ ಹೊಸ ಕಾಲದ ಇನ್ನೊಂದು ಸಾಹಸದ ಗಾಡಿಗೆ ಮನಸ್ಸು ಮಾಡಿದೆ. ಅಂಗಡಿಯವನು ಅದನ್ನು ಚಾಲೂ ಮಾಡಿ, "ಕೇಳ್ರಿ ಸರ" ಎಂದ. ನಾನು ಕಿವಿಗೊಟ್ಟೆ. ಏನೂ ಕೇಳಿಸಲಿಲ್ಲ. "ಅದೇ ನೋಡ್ರಿ ಇದರ ಖೂಬಿ" ಎಂದು ಅವನು ಗೆದ್ದವನಂತೆ ನಕ್ಕ. ಹಳೆಯದನ್ನು ವಾಡಿಯ ಖಾಜಾಮಿಯಾ ಕೊಂಡರು. ಬೇಕರಿಯ ಖಾರಿ, ಪಾವು, ಬಿಸ್ಕೀಟುಗಳನ್ನು ಎರಡು ತಗಡಿನ ಪೆಟ್ಟಿಗೆಗಳಲ್ಲಿ ತುಂಬಿಕೊಂಡು ಹಳ್ಳಿಹಳ್ಳಿಗೆ ಮಾರುವವರು ಅವರು. ಪೆಟ್ಟಿಗೆ ಕಟ್ಟಲು ಕಬ್ಬಿಣದ ಚೌಕಟ್ಟು ಮಾಡಿಸಿ ಬಣ್ಣ ಬಳಿಸುವವರೆಗೆ ಗಾಡಿ ಕೆಲವು ವಾರ ವೆಲ್ಡಿಂಗ್ ಅಂಗಡಿಯಲ್ಲೇ ನಿಂತಿತ್ತು. ಅಂದರೆ ಆ ಕೆಲವು ವಾರ ನಮ್ಮ ತಾಲ್ಲೂಕು ನಿಶ್ಶಬ್ದವಾಗಿತ್ತು. ನನ್ನ ಮಾನ ಹೋದದ್ದು ಆ ನಿಶ್ಶಬ್ದದಲ್ಲಿ.

ಮೊದಲ ಪೆಟ್ಟು ಮನೆಯಲ್ಲೇ ಬಿತ್ತು. ಹೊಸ ಗಾಡಿಯಲ್ಲಿ ಶಾಲೆಯಿಂದ ಬಂದು ಬಾಗಿಲು ತಳ್ಳಿದರೆ ನಮ್ಮವ್ವ ಮತ್ತು ನನ್ನ ಹೆಂಡತಿ ಪದ್ಮಾ ಟೀವಿಯ ಮುಂದೆ ಕೂತಿದ್ದರು. ತೆರೆಯ ಮೇಲೆ ಒಬ್ಬ ಅತ್ತೆ ಸೊಸೆಯ ಹಾಲಿನ ಲೋಟದಲ್ಲಿ ಏನನ್ನೋ ಬೆರೆಸುತ್ತಿದ್ದಳು. ಇಂಥ ಧಾರಾವಾಹಿಗಳು ಹೆಣ್ಣನ್ನು ಹೆಣ್ಣಿನ ವೈರಿಯಾಗಿ ಚಿತ್ರಿಸಿ ಸಮಾಜವನ್ನು ಹಿಂದಕ್ಕೆಳೆಯುತ್ತವೆ ಎಂದು ನಾನು ಅನೇಕ ವೇದಿಕೆಗಳಲ್ಲಿ ಖಂಡಿಸಿದ್ದೇನೆ. ನನ್ನ ಮನೆಯಲ್ಲಿ ಅವಕ್ಕೆ ಪ್ರವೇಶವಿಲ್ಲ ಎಂದು ಎದೆಯುಬ್ಬಿಸಿ ಸೇರಿಸಿದ್ದೇನೆ. ಪದ್ಮಾ ಗಾಬರಿಯಾಗಲಿಲ್ಲ. "ಗಾಡಿ ಬಂದದ್ದೇ ಕೇಳ್ಲಿಲ್ಲಲ್ರೀ" ಎಂದಳು. ತಪ್ಪು ಗಾಡಿಯದು ಎಂಬ ದನಿ ಅದು. ಅವ್ವ ಟೀವಿಯಿಂದ ಕಣ್ಣು ಕೀಳದೆ, "ಕೂಡು, ರಾಘು. ಈಗ ಆ ಹಾಲು ಕುಡಿತಾಳೋ ಇಲ್ಲೋ ನೋಡೂಣು. ಹಿಂದಕ್ಕೆಲ್ಲಾ ನೀ ಗೇಟಿಗೆ ಬಂದಿ ಅಂದ್ರ ಬಂದ್ ಮಾಡ್ತಿದ್ವಿ. ಕಡೀಕ ಏನಾತು ಅಂತ ಒಂದ್ ದಿನಾನೂ ಗೊತ್ತಾಗ್ಲಿಲ್ಲ" ಎಂದಳು. ಅತ್ತೆ ಸೊಸೆಯರು ಇಷ್ಟು ವರ್ಷ ಒಗ್ಗಟ್ಟಿನಿಂದ ನನ್ನನ್ನು ವಂಚಿಸಿದ್ದರು. ಹೆಣ್ಣು ಹೆಣ್ಣಿಗೆ ವೈರಿಯಲ್ಲ ಎಂಬ ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಸಿಗುವಂತಿರಲಿಲ್ಲ. ಆದರೆ ಅದನ್ನು ವೇದಿಕೆಯಲ್ಲಿ ಹೇಳಿಕೊಳ್ಳುವಂತಿರಲಿಲ್ಲ.

ಆ ಭಾನುವಾರ ಗಣಿಗೆ ಹೋದೆ. ಅಲ್ಲಿ ರಜೆ ಸಂತೆಯ ದಿನ. ಭಾನುವಾರ ಕೆಲಸ ಇದ್ದೇ ಇರುತ್ತದೆ. ಈ ಗಣಿ ನಮ್ಮ ಸಮಿತಿಯ ಹೆಮ್ಮೆ. ಕಲ್ಲುಚೂರು ಹೊರುವ ಹೆಣ್ಣುಮಕ್ಕಳಿಗೂ ಅವರ ಕೂಸುಗಳಿಗೂ ನೆರಳು ಮತ್ತು ಕುಡಿಯುವ ನೀರು ಬೇಕೆಂದು ನಾವು ಹೋರಾಡಿ, ಮೊದಲು ಒಪ್ಪಿಸಿದ್ದು ಇಲ್ಲಿಯೇ. ನಾನು ಹೋದಾಗಲೆಲ್ಲ ನಾಲ್ಕು ಬಿದಿರಿನ ಮೇಲೆ ತಾಡಪತ್ರಿಯ ಚಪ್ಪರ, ಅದರಡಿ ನೀರಿನ ದೊಡ್ಡ ಮಣ್ಣಿನ ರಂಜಣಿಗೆ, ಸೀರೆಯ ಜೋಲಿಯಲ್ಲಿ ಮಲಗಿದ ಕೂಸು, ಸುತ್ತ ಕೂತ ಹೆಣ್ಣುಮಕ್ಕಳು. ಆ ನೆರಳಿನಲ್ಲಿ ನಿಂತು ನಾನು ಹಕ್ಕುಗಳ ಬಗ್ಗೆ ದೀರ್ಘವಾಗಿ ಮಾತಾಡುತ್ತಿದ್ದೆ.

ಹೊಸ ಗಾಡಿ ಕಲ್ಲುಚೂರಿನ ಗುಡ್ಡವನ್ನು ಸದ್ದಿಲ್ಲದೆ ಸುತ್ತಿ ಒಳಗೆ ಇಳಿಯಿತು. ಚಪ್ಪರವಿರಲಿಲ್ಲ. ಬಿಸಿಲು ಬೆಳ್ಳಗಿನ ಕಲ್ಲಿನ ಮೇಲೆ ಬಿದ್ದು ಮುಖಕ್ಕೆ ಹೊಡೆಯುತ್ತಿತ್ತು. ಹೆಣ್ಣುಮಕ್ಕಳು ಬುಟ್ಟಿ ಹೊತ್ತು ಸಾಲಾಗಿ ಏರುತ್ತಿದ್ದರು. ನಾಗಮ್ಮ ಎಂಬಾಕೆ ತನ್ನ ಮಗಳ ಕೂಸನ್ನು ಎರಡು ಫರ್ಶಿ ಕಲ್ಲುಗಳನ್ನು ಒಂದಕ್ಕೊಂದು ಒರಗಿಸಿ ಮಾಡಿದ ಸಂದಿಯಲ್ಲಿ ಮಲಗಿಸಿದ್ದಳು. ಅದರ ಕಾಲು ಬಿಸಿಲಿಗೆ ಚಾಚಿಕೊಂಡಿತ್ತು. ಮೇಸ್ತ್ರಿ ಭೀಮರಾಯ ತನ್ನ ಗುಡಿಸಲಿನಲ್ಲಿ ತಾಡಪತ್ರಿಯನ್ನು ಮಡಿಚಿ ಹಾಸಿಗೆ ಮಾಡಿಕೊಂಡು ಮಲಗಿದ್ದ. ರಂಜಣಿಗೆ ಅವನ ತಲೆದೆಸೆಯಲ್ಲಿತ್ತು. ನನ್ನನ್ನು ಕಂಡು ಎದ್ದು ಕೂತವನು ಮೊದಲು ನನ್ನ ಹಿಂದೆ ನೋಡಿದ.

"ಗಾಡಿ ಎಲ್ಲದರೀ ಸರ?"

"ಇದೇ ಗಾಡಿ. ಹೊಸದು."

ಅವನ ಮುಖದಲ್ಲಿ ಭಯವಿರಲಿಲ್ಲ, ನೊಂದವನ ಕಳೆಯಿತ್ತು. "ಹಿಂಗ ಸಪ್ಪಳಿಲ್ದ ಬಂದ್ರ ನಾವು ಹ್ಯಾಂಗ ತಯಾರ ಇರ್ಬೇಕ್ರಿ? ನೀವು ಓದಿದವ್ರು. ನೀವೇ ಹೇಳ್ರಿ."

ನಡೆದದ್ದೆಲ್ಲ ಆಗ ಬಿಚ್ಚಿಕೊಂಡಿತು. ನನ್ನ ಗಾಡಿಯ ಸದ್ದು ದೂರದಲ್ಲಿ ಕೇಳಿದೊಡನೆ ಭೀಮರಾಯ ಕೂಗುತ್ತಿದ್ದ. ಹೆಣ್ಣುಮಕ್ಕಳು ಬುಟ್ಟಿ ಇಳಿಸಿ ಬಿದಿರು ನೆಟ್ಟು, ತಾಡಪತ್ರಿ ಕಟ್ಟಿ, ರಂಜಣಿಗೆ ಹೊತ್ತು ತರುತ್ತಿದ್ದರು. ನಾನು ಹೋದ ಮೇಲೆ ಎಲ್ಲವನ್ನೂ ಬಿಚ್ಚಿ ಹಿಂತಿರುಗಿಸುತ್ತಿದ್ದರು. ಹೊತ್ತ ಬುಟ್ಟಿಗೆ ಮಾತ್ರ ಕೂಲಿ. ನನ್ನ ನೆರಳು ಹೊತ್ತದ್ದಕ್ಕೆ ಏನೂ ಇಲ್ಲ. ಅವರ ಶ್ರಮವನ್ನು ಕದಿಯುತ್ತಿರುವ ವ್ಯವಸ್ಥೆಯ ಬಗ್ಗೆ ನಾನು ಮಾತಾಡುತ್ತಿದ್ದುದು ಅವರಿಂದ ಬಿಟ್ಟಿಯಾಗಿ ಕಟ್ಟಿಸಿಕೊಂಡ ಚಪ್ಪರದ ಕೆಳಗೆ ನಿಂತು.

"ನಾಗಮ್ಮ, ಇಷ್ಟು ವರ್ಷ ನನಗ್ಯಾಕ ಹೇಳ್ಲಿಲ್ಲ?" ಎಂದೆ.

"ಹೇಳಿದ್ರ ನೀವು ಜಗಳಾಡಿ ಹೋಗ್ತಿದ್ರಿ ಸರ. ಮರುದಿನ ನಾವಿಲ್ಲೇ ಬರ್ಬೇಕಲ್ರಿ" ಎಂದಳು. ಕೂಸಿನ ಕಾಲನ್ನು ಸಂದಿಯೊಳಗೆ ಸರಿಸುತ್ತ, "ಹಳಿ ಗಾಡಿ ಛಲೋ ಇತ್ರಿ. ಅದು ಬಂತಂದ್ರ ಕೂಸಿಗಿ ನೆರಳ ಸಿಗ್ತಿತ್ತು" ಎಂದಳು.

"ಗಾಡಿ ಅಲ್ಲ, ನಾನು ಬಂದರೆ ಅಂತ."

"ನಿಮ್ಮ ಭಾಷಣಾನೂ ಛಲೋ ಇರ್ತಿತ್ರಿ. ಉದ್ದ ಇರ್ತಿತ್ತಲ್ಲ, ಕೂಸು ಒಂದ್ ನಿದ್ದಿ ಮುಗಸ್ತಿತ್ತು."

ಬುಟ್ಟಿ ಹೊತ್ತು ನಿಂತಿದ್ದವಳೊಬ್ಬಳು, "ಕೂಸು ಒಂದೇ ಏನವಾ? ನಾವೂ ಮಲಗ್ತಿದ್ವಿ" ಎಂದಳು. ಎಲ್ಲರೂ ಸೆರಗು ಬಾಯಿಗೆ ಹಿಡಿದು ನಕ್ಕರು. ಕಣ್ಣು ಮುಚ್ಚಿ ತಲೆದೂಗುವ ಆ ಹೆಣ್ಣುಮಕ್ಕಳನ್ನು ನೋಡಿ, ಪ್ರಜ್ಞೆ ಜಾಗೃತವಾಗುತ್ತಿದೆ ಎಂದು ನಾನು ಸಮಿತಿಯಲ್ಲಿ ಹೇಳಿದ್ದುಂಟು.

ಭೀಮರಾಯನಿಗೆ ಬೇಕಾದಷ್ಟು ಹೇಳಿದೆ. ಅವನು ಎಲ್ಲಕ್ಕೂ "ಹೌದ್ರಿ" ಎಂದ. ಮುಂದಿನ ಭಾನುವಾರ ಸದ್ದಿಲ್ಲದೆ ಹೋದರೆ ಮತ್ತದೇ ಬಿಸಿಲು, ಮತ್ತದೇ "ಹೌದ್ರಿ". ಮಾಲೀಕರನ್ನು ಕಾಣಲು ಹೋದರೆ ಕಲಬುರಗಿಯಲ್ಲಿದ್ದಾರೆ, ಊರಲ್ಲಿಲ್ಲ, ಊಟಕ್ಕೆ ಕೂತಿದ್ದಾರೆ ಎಂಬ ಉತ್ತರಗಳು ಬಂದವು. ಹಳೆಯ ಗಾಡಿಯನ್ನೇ ಮರಳಿ ಕೊಂಡುಬಿಡಲೇ ಎಂದು ಯೋಚಿಸಿದೆ. ಹೋರಾಟಗಾರನಿಲ್ಲದೆ ಬರೀ ಗಾಡಿ ಸಾಕು ಎಂಬುದು ನನಗೆ ಆಗ ಹೊಳೆದಿರಲಿಲ್ಲ.

ಮಳೆಗಾಲ ಕಳೆದು ಒಂದು ದಿನ ಹೋದರೆ, ಚಪ್ಪರವಿತ್ತು. ರಂಜಣಿಗೆಯಿತ್ತು. ನಾಗಮ್ಮನ ಮಗಳ ಕೂಸು ಜೋಲಿಯಲ್ಲಿ ನಿದ್ರಿಸುತ್ತಿತ್ತು. ನನ್ನನ್ನು ಯಾರೂ ನಿರೀಕ್ಷಿಸಿರಲಿಲ್ಲ. ಸತ್ಯ ಕೊನೆಗೂ ನಾಟಿತು ಎಂದುಕೊಂಡೆ. ಭೀಮರಾಯನ ಕೈ ಹಿಡಿದು ಅಭಿನಂದಿಸಿದೆ. ಅವನು ಕೈ ಬಿಡಿಸಿಕೊಂಡು, "ಏನ್ ಮಾಡೋದ್ರಿ ಸರ, ಆ ಖಾರಿ ಮಾರೋ ಮಿಯಾ ನಿಮ್ಮ ಹಳಿ ಗಾಡಿ ಮ್ಯಾಲ ಮುಂಜಾನಿ ಒಮ್ಮೆ ಹೋಗ್ತಾನ, ಸಂಜಿಮುಂದ ಒಮ್ಮೆ ಬರ್ತಾನ. ಅವನೋ ನೀವೋ ಯಾರಿಗ್ಗೊತ್ತು? ನೀವೂ ಒಂದ್ ದಿನ ಆ ಗಾಡಿ ಇಸ್ಕೊಂಡು ಬಂದ್ರೂ ಬರ್ತೀರಿ. ದಿನಾ ಕಟ್ಟಿ ಬಿಚ್ಚಿ ಸಾಕಾಗಿ, ಇರ್ಲಿ ಹಾಳಾಗಿ ಹೋಗ್ಲಿ ಅಂತ ಬಿಟ್ಟೀನಿ" ಎಂದ.

ಆ ವರ್ಷದ ಸಭೆಯಲ್ಲಿ ಶಾಶ್ವತ ಚಪ್ಪರದ ಸಾಧನೆಗಾಗಿ ನನಗೆ ಶಾಲು ಹೊದಿಸಿದರು. ಇದು ನನ್ನೊಬ್ಬನದಲ್ಲ, ಸಾಮೂಹಿಕ ಹೋರಾಟದ ಫಲ ಎಂದೆ. ಅಕ್ಷರಶಃ ನಿಜ. ಆದರೂ ಜನ ಅದನ್ನು ನನ್ನ ವಿನಯವೆಂದು ತಿಳಿದು ಚಪ್ಪಾಳೆ ತಟ್ಟಿದರು, ನಾನು ತಡೆಯಲಿಲ್ಲ. ಹೊರಗೆ ಖಾಜಾಮಿಯಾ ಸಭಿಕರಿಗೆ ಖಾರಿ ಮಾರುತ್ತಿದ್ದರು. ನನ್ನನ್ನು ಕಂಡು ಖುಷಿಯಿಂದ, "ಆ ಖಣಿ ಮಂದಿ ಭಾಳ ಒಳ್ಳೇವ್ರು ನೋಡ್ರಿ ಸರ. ನಾ ಹೊಸದಾಗಿ ಹೋದಾಗ ಓಡಿ ಓಡಿ ಚಪ್ಪರ ಹಾಕ್ತಿದ್ರು, ನೀರ ಇಡ್ತಿದ್ರು. ನಮ್ಮ ಬೀಗರ ಮನ್ಯಾಗೂ ನನಗ ಇಷ್ಟ ಇಜ್ಜತ್ ಇಲ್ಲ" ಎಂದರು. ಬಳಿಕ ದನಿ ತಗ್ಗಿಸಿ, "ಖರೆ, ಈ ಸೈಲೆನ್ಸರ್ ಬದಲಿ ಮಾಡಸ್ಬೇಕು. ಮಗಳು ಬಾಣಂತನಕ್ಕ ಬಂದಾಳ. ನಾ ಮನಿಗಿ ಹೋದ್ರ ಮೊಮ್ಮಗಳು ಬೆಚ್ಚಿ ಏಳ್ತದ" ಎಂದರು.

ಗಣಿಯ ಕೂಸು ಆ ಸದ್ದಿನಿಂದ ಮಲಗುತ್ತದೆ. ಖಾಜಾಮಿಯಾರ ಮೊಮ್ಮಗಳು ಅದರಿಂದ ಏಳುತ್ತಾಳೆ. ಸೈಲೆನ್ಸರ್ ಸರಿಹೋದರೆ ಭೀಮರಾಯನಿಗೆ ಎರಡೇ ದಿನದಲ್ಲಿ ಗೊತ್ತಾಗುತ್ತದೆ, ಮೂರನೆಯ ದಿನ ತಾಡಪತ್ರಿ ಮತ್ತೆ ಅವನ ಬೆನ್ನಡಿಗೆ ಹೋಗುತ್ತದೆ. ಹೆಗಲ ಮೇಲೆ ಶಾಲು ಇರುವಾಗಲೇ ಅವರಿಗೆ ಎಲ್ಲವನ್ನೂ ಹೇಳಬೇಕಾಯಿತು. ಅವರು ಪೆಟ್ಟಿಗೆಯ ಮುಚ್ಚಳ ಸವರುತ್ತ ಕೇಳಿದರು.

"ಅಂದ್ರ ಅವ್ರು ನನಗಂತ ಚಪ್ಪರ ಹಾಕ್ಲಿಲ್ಲೇನ್ರಿ?"

"ಇಲ್ಲ."

"ನಿಮಗಂತ ಹಾಕಿದ್ರೇನ್ರಿ?"

"ನನಗೂ ಇಲ್ಲ."

ಇಬ್ಬರು ಗೌರವಾನ್ವಿತರು ಹೀಗೆ ಒಂದು ಗಾಡಿಯ ಪಕ್ಕದಲ್ಲಿ ನಿಂತೆವು. ಕೊನೆಗೆ ಅವರೇ, "ಸೈಲೆನ್ಸರ್ ಹಂಗ ಇರ್ಲಿ ಬಿಡ್ರಿ. ಓಣಿ ತುದಿಗಿ ಗಾಡಿ ಬಂದ್ ಮಾಡಿ ಮನಿತನ ನೂಕ್ಕೊಂಡ್ ಹೋಗ್ತೀನಿ. ಆದ್ರ ಹೇಳ್ತೀನಿ ಕೇಳ್ರಿ, ನನ್ನ ಮೊಣಕಾಲು ಭಾಳ ದಿನ ತಡಿಯಂಗಿಲ್ಲ" ಎಂದರು. ಶಾಲು ತೆಗೆದು ಅವರಿಗೆ ಹೊದಿಸಬೇಕೆನಿಸಿತು. ಅದಕ್ಕೂ ಒಂದು ಭಾಷಣ ಬೇಕಾಗುತ್ತಿತ್ತು, ಸುಮ್ಮನಾದೆ.

ಆದ್ದರಿಂದ, ಗಣಿಯ ಮಾಲೀಕರೇ, ನನ್ನ ಬೇಡಿಕೆ ಇಷ್ಟು. ನೆಲದೊಳಗಿನ ಕಲ್ಲನ್ನು ದೇಶಕ್ಕೆಲ್ಲ ಮಾರುವ ನೀವು, ಈ ಬೇಸಿಗೆಯೊಳಗೆ ನಾಲ್ಕು ಕಲ್ಲುಕಂಬ ನಿಲ್ಲಿಸಿ, ಮೇಲೆ ಫರ್ಶಿ ಹಾಸಿ, ಯಾರೂ ಮಡಿಚಿ ಹಾಸಿಗೆ ಮಾಡಿಕೊಳ್ಳಲಾಗದ ಒಂದು ನೆರಳು ಕಟ್ಟಿಸಬೇಕು. ಅದರಡಿ ನೀರು ಇಡಿಸಬೇಕು. ಖಾಜಾಮಿಯಾರ ಮೊಣಕಾಲು ಸೋಲುವ ಮುನ್ನ ಇದು ಆಗಬೇಕು. ಇದನ್ನು ಎದುರಿಗೇ ಹೇಳಲು ಬರುವ ಭಾನುವಾರ ನಿಮ್ಮ ಮನೆಗೆ ಬರುತ್ತಿದ್ದೇನೆ, ಹೊಸ ಗಾಡಿಯಲ್ಲಿ. ಸದ್ದು ಕೇಳಿಸುವುದಿಲ್ಲ. ಮನೆಯಲ್ಲೇ ಇರಿ, ಭಾಷಣ ಮಾಡುವುದಿಲ್ಲ.