ಎತ್ತರದ ಗಾಡಿ, ಐದು ಸೀಟು

ಶಿವಮೂರ್ತಪ್ಪನವರು ಕಾರು ಬದಲಾಯಿಸಿದ್ದಕ್ಕೆ ಕಾರಣ ಒಂದೇ ಒಂದು ಮಾತು. ಹಿಂದಿನ ಮಳೆಗಾಲದಲ್ಲಿ ಪಕ್ಕದ ಮನೆಯ ಲಕ್ಷ್ಮೀದೇವಿ ತರಕಾರಿ ಚೀಲ ಹಿಡಿದು ನೆನೆಯುತ್ತ ಬರುತ್ತಿದ್ದರು. ಇವರು ಕಾರು ನಿಲ್ಲಿಸಿ, ಎಡಗಡೆಯ ಬಾಗಿಲು ತೆರೆದು, ಬಂದು ಕೂಡ್ರಿ ಎಂದು ಕರೆದರು. ಆಕೆ ಬಗ್ಗಿ ಒಳಗೆ ನೋಡಿದರು. ಆಮೇಲೆ ತಮ್ಮ ಮಂಡಿಗಳನ್ನು ನೋಡಿಕೊಂಡರು.

"ಬ್ಯಾಡ್ರಿ ಅಣ್ಣಾರೆ. ನಿಮ್ಮ ಕಾರು ಹತ್ತೋದಲ್ಲ, ಬಾವಿ ಇಳಿದಂಗೆ ಇಳೀಬೇಕು. ಇಳಿದ ಮ್ಯಾಲೆ ನನ್ನ ಎತ್ತೋರು ಯಾರು?"

ಹಾಗೆಂದು ನೆನೆಯುತ್ತಲೇ ಮನೆಗೆ ನಡೆದರು. ಮಾತು ಆಡಿದವರು ಮರೆತರು, ಕೇಳಿಸಿಕೊಂಡವರು ಮರೆಯಲಿಲ್ಲ.

ಶಿವಮೂರ್ತಪ್ಪನವರು ಕರೆಂಟ್ ಆಫೀಸಿನಲ್ಲಿದ್ದು ನಿವೃತ್ತರಾದವರು. ಮಕ್ಕಳಿಲ್ಲ. ಹೆಂಡತಿ ಕೊಟ್ರಮ್ಮ ತೀರಿಕೊಂಡ ಮೇಲೆ ದಾವಣಗೆರೆಯ ಎಸ್.ಎಸ್. ಬಡಾವಣೆಯ ಆ ಮನೆಯಲ್ಲಿ ಅವರೊಬ್ಬರೇ. ಒಳಗೆ ಕುಕ್ಕರ್ ಕೂಗಿದರೆ "ಬಂದೆ, ಬಂದೆ" ಎಂದು ಉತ್ತರ ಕೊಡುವ ಅಭ್ಯಾಸ ಅವರಿಗೆ ಯಾವಾಗ ಹತ್ತಿಕೊಂಡಿತೋ ಗೊತ್ತಿಲ್ಲ. ಮನೆಯ ಮೌನವನ್ನಾದರೂ ಟಿವಿ ಹಾಕಿ ಓಡಿಸಬಹುದಿತ್ತು. ಕಾರಿನಲ್ಲಿ ಪಕ್ಕದ ಸೀಟು ಖಾಲಿ ಇರುವುದನ್ನು ಮಾತ್ರ ಅವರಿಗೆ ಸಹಿಸಲಾಗುತ್ತಿರಲಿಲ್ಲ. ಕೊಟ್ರಮ್ಮ ಆ ಸೀಟಿನಲ್ಲಿ ಕುಳಿತು, ಬ್ರೇಕು ಎಲ್ಲಿ ಹಾಕಬೇಕು, ಹಾರನ್ನು ಎಲ್ಲಿ ಹೊಡೆಯಬೇಕು ಎಂದು ಹೇಳುತ್ತಿದ್ದರು. ಈಗ ಹೇಳುವವರಿಲ್ಲದೆ ಅವರು ಎಲ್ಲ ಕಡೆಯೂ ಬ್ರೇಕು ಹಾಕುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಇಷ್ಟೇ, ಆ ಸೀಟಿನಲ್ಲಿ ಯಾರಾದರೊಬ್ಬರು ಕುಳಿತು ಏನಾದರೊಂದು ಮಾತಾಡಬೇಕು.

ಬೀದಿಯಲ್ಲಿ ಆಗಲೇ ಎಲ್ಲರ ಮನೆ ಮುಂದೆಯೂ ಎತ್ತರದ ಗಾಡಿಗಳು ಬಂದು ನಿಂತಿದ್ದವು. ಷೋರೂಮಿನವರು ಅದನ್ನು ಕ್ರಾಸ್‌ಓವರ್ ಎನ್ನುತ್ತಾರೆ. ಜೀಪಿನ ಹಾಗೆ ಎತ್ತರ, ಕಾರಿನ ಹಾಗೆ ನುಣುಪು. ಬೀದಿಯವರಿಗೆ ಅದು ಬರೀ ಎತ್ತರದ ಗಾಡಿ. ಎದುರು ಮನೆಯ ಹರೀಶನನ್ನು ಯಾಕಪ್ಪ ತಗೊಂಡೆ ಎಂದು ಕೇಳಿದರೆ, ಮೇಲೆ ಕೂತರೆ ರೋಡು ದೂರದವರೆಗೂ ಕಾಣುತ್ತದೆ ಎಂದ. ಅವನ ಹೆಂಡತಿ ಸಹನಾ, ರೋಡಿಗೆ ಅಡ್ಡ ಹಾಕಿದ ಹಂಪು ಬಂದರೆ ತಳ ಉಜ್ಜುವುದಿಲ್ಲ ಎಂದಳು. ಲಕ್ಷ್ಮೀದೇವಿಯ ಗಂಡ ಗುತ್ತೆಪ್ಪ ಮಂಡಿಯ ವಿಷಯ ಎತ್ತಿ, ಕುರ್ಚಿಯ ಮೇಲೆ ಕೂತಂತೆ ಕೂಡಬಹುದು ಎಂದರು. ಹತ್ತು ಮಂದಿ ಹೋದ ದಾರಿ ಎಂಬ ನಿಜವಾದ ಕಾರಣವನ್ನು ಮಾತ್ರ ಯಾರೂ ಹೇಳಲಿಲ್ಲ. ತಗ್ಗಿನ ಕಾರಿನಲ್ಲಿ ಉಳಿದವರು ಶಿವಮೂರ್ತಪ್ಪನವರೊಬ್ಬರೇ. ಸಿಗ್ನಲ್‌ನಲ್ಲಿ ನಿಂತರೆ ಅವರಿಗೆ ಎಡಕ್ಕೆ ಬಲಕ್ಕೆ ಕಾಣುತ್ತಿದ್ದುದು ಬೇರೆಯವರ ಬಾಗಿಲ ಹಿಡಿಗಳು.

ಕೊನೆಗೆ ಅವರೂ ಕೊಟ್ರಮ್ಮ ಬಣ್ಣ ಆರಿಸಿದ್ದ ತಗ್ಗಿನ ಸೆಡಾನನ್ನು ಕೊಟ್ಟು ಎತ್ತರದ ಗಾಡಿ ತಂದರು. ಕೊಡುವ ದಿನ ಕಣ್ಣು ತೇವವಾಯಿತು. ತಂದ ದಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿ, ಗೇಟಿನ ಮುಂದೆ ನಿಲ್ಲಿಸಿ, ಯಾರಾದರೂ ಬರುತ್ತಾರೇನೋ ಎಂದು ಕಟ್ಟೆಯ ಮೇಲೆ ಕುಳಿತರು.

ಬಂದದ್ದು ಲಕ್ಷ್ಮೀದೇವಿಯೇ. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಾಗಿಲು ತೆಗೆಸಿ, ಹತ್ತಿ ಕುಳಿತು, ಇಳಿದು, ಮತ್ತೆ ಹತ್ತಿದರು. ಮುಖ ಅರಳಿತು. ಭಾನುವಾರ ಹರಿಹರದಲ್ಲಿ ಅವರ ಮಗನ ನಿಶ್ಚಿತಾರ್ಥ. ಗಂಡಸರು, ನೆಂಟರು ಎಲ್ಲ ಟೆಂಪೊದಲ್ಲಿ, ಹುಡುಗ ಮತ್ತವನ ಗೆಳೆಯರು ಹರೀಶನ ಗಾಡಿಯಲ್ಲಿ. ಹುಡುಗಿಯ ಉಡಿ ತುಂಬುವ ಐವರು ಮುತ್ತೈದೆಯರು ರೇಷ್ಮೆ ಸೀರೆ ಉಟ್ಟುಕೊಂಡು ಟೆಂಪೊದಲ್ಲಿ ನುಗ್ಗಾಡುವುದು ಹೇಗೆ ಎಂಬುದೇ ಆಕೆಯ ಚಿಂತೆಯಾಗಿತ್ತು.

"ಇದರಾಗೆ ಐದು ಮಂದಿ ಕುಂದ್ರಬೋದಲ್ರಿ?" ಎಂದು ಕೇಳಿದರು.

"ಐದು ಮಂದಿ ಆರಾಮಾಗಿ ಕುಂದ್ರತಾರೆ ತಾಯಿ," ಎಂದರು ಶಿವಮೂರ್ತಪ್ಪ. ಹೊಸ ಗಾಡಿಯ ಹುಮ್ಮಸ್ಸಿನಲ್ಲಿ ಗಾಡಿ ಓಡಿಸುವವನೂ ಒಂದು ಸೀಟು ಹಿಡಿಯುತ್ತಾನೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಭಾನುವಾರ ಅವರು ಬಿಳಿ ಪಂಚೆ ಉಟ್ಟು, ರೇಷ್ಮೆ ಶಲ್ಯ ಹೊದ್ದು ಬೆಳಗಾಗುವ ಮೊದಲೇ ಸಿದ್ಧರಾಗಿದ್ದರು. ಟೆಂಪೊ ಹೋಯಿತು, ಹರೀಶನ ಗಾಡಿಯೂ ಹೋಯಿತು. ಲಕ್ಷ್ಮೀದೇವಿ ಮುಂದಿನ ಸೀಟಿನಲ್ಲಿ ಕುಳಿತರು. ಹಿಂದೆ ಅವರ ಅಕ್ಕ, ತಂಗಿ ಮತ್ತು ಸಹನಾ. ಡಿಕ್ಕಿಯಲ್ಲಿ ತೆಂಗಿನಕಾಯಿ, ಹಣ್ಣಿನ ಬುಟ್ಟಿ. ಎಲ್ಲರ ತೊಡೆಯ ಮೇಲೂ ಒಂದೊಂದು ತಟ್ಟೆ. ಲಕ್ಷ್ಮೀದೇವಿಯ ತೊಡೆಯ ಮೇಲಿದ್ದದ್ದು ಉಂಡಿಯ ಗೋಪುರ. ಐದನೆಯ ಮುತ್ತೈದೆ ಗುತ್ತೆಪ್ಪನ ತಂಗಿ ವಾಣಿ, ಹುಡುಗನ ಸೋದರತ್ತೆ. ಆಕೆ ಭಾನುವಳ್ಳಿಯಿಂದ ಬಸ್ಸಿನಲ್ಲಿ ಹರಿಹರಕ್ಕೆ ಬಂದು ಬಸ್ ಸ್ಟ್ಯಾಂಡಿನಲ್ಲಿ ಕಾಯುವುದೆಂದು ಮಾತಾಗಿತ್ತು.

ಗಾಡಿ ಹೊರಟಿತು. ಒಳಗೆ ಗದ್ದಲವೋ ಗದ್ದಲ. ಯಾರ ಮಗಳಿಗೆ ಎಷ್ಟು ತೊಲ ಹಾಕಿದರು, ಯಾರ ಸೊಸೆ ರೊಟ್ಟಿ ಬಡಿಯಲು ಬಾರದೆ ತವರಿಗೆ ಹೋದಳು, ಎಲ್ಲವೂ ಒಟ್ಟಿಗೆ ಬಂದವು. ಶಿವಮೂರ್ತಪ್ಪನವರು ತಮ್ಮ ಸರ್ವೀಸಿನಲ್ಲಿ ಕಂಬದ ಮೇಲೆ ಸಿಕ್ಕಿಹಾಕಿಕೊಂಡ ಲೈನ್‌ಮ್ಯಾನಿನ ಕತೆಯನ್ನು ಎರಡು ಸಲ ಶುರು ಮಾಡಿದರು. ಎರಡು ಸಲವೂ ಅದು ತೊಲ ಬಂಗಾರದ ಕೆಳಗೆ ಸಿಕ್ಕಿ ಅಪ್ಪಚ್ಚಿಯಾಯಿತು. ಆದರೂ ಅವರಿಗೆ ಬೇಸರವಾಗಲಿಲ್ಲ. ಎಷ್ಟೋ ದಿನದ ಮೇಲೆ ಅವರ ಗಾಡಿಯಲ್ಲಿ ಬಳೆಯ ಸದ್ದು, ಮಲ್ಲಿಗೆ ವಾಸನೆ.

ತೊಂದರೆ ಶುರುವಾದದ್ದು ಹಂಪಿನಿಂದ. ತಗ್ಗಿನ ಕಾರು ಓಡಿಸಿದವರಿಗೆಲ್ಲ ಒಂದು ಚಾಳಿ ಇರುತ್ತದೆ. ಹಂಪು ಬಂದರೆ ನೆಟ್ಟಗೆ ಹತ್ತಿಸುವುದಿಲ್ಲ. ತಳ ಉಜ್ಜದಿರಲೆಂದು ಗಾಡಿಯನ್ನು ಓರೆ ಮಾಡಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸುತ್ತಾರೆ. ಗಾಡಿ ಎತ್ತರವಾದರೂ ಶಿವಮೂರ್ತಪ್ಪನವರ ಕೈ ಹಳೆಯದೇ. ಮೊದಲ ಹಂಪಿನಲ್ಲಿ ಅವರು ಓರೆ ಮಾಡಿದ ಕೂಡಲೇ ಹಿಂದಿನ ಮೂವರೂ ಎಡಕ್ಕೆ ವಾಲಿದರು, ಆಮೇಲೆ ಬಲಕ್ಕೆ ವಾಲಿದರು. ಎರಡನೆಯದರಲ್ಲಿ ಉಂಡಿಯ ಗೋಪುರ ಕುಸಿದು, ಉಂಡಿಗಳು ಗೇರ್ ಹಿಡಿಯ ಸುತ್ತ ಉರುಳಾಡಿದವು. ಹಿಂದಿನ ಲಾರಿಯವನು ಹಾರನ್ನು ಹೊಡೆದು, ಕಿಟಕಿಯಿಂದ ತಲೆ ಹಾಕಿ, ಕೇಳಬಾರದ್ದನ್ನು ಕೇಳಿ ಹೋದ.

"ಅಂಕಲ್, ನೆಟ್ಟಗೆ ಬಿಡ್ರಿ, ಏನೂ ಆಗಲ್ಲ," ಎಂದಳು ಸಹನಾ.

ಬಿಡಬೇಕೆಂದೇ ಅವರಿಗೂ ಇತ್ತು. ಕೈ ಕೇಳಬೇಕಲ್ಲ. ಪ್ರತಿ ಹಂಪಿಗೂ ಗಾಡಿ ಏಡಿಯಂತೆ ಅಡ್ಡಡ್ಡ ನಡೆಯಿತು. ಲಕ್ಷ್ಮೀದೇವಿಯ ಅಕ್ಕನಿಗೆ ಹೊಟ್ಟೆ ತೊಳಸಿತು. ಆಕೆ ಶಾಸ್ತ್ರದಲ್ಲಿ ಬಹಳ ಕಟ್ಟುನಿಟ್ಟು. ಒಳ್ಳೇ ಗಳಿಗೆ ಮೀರಿದರೆ ನನ್ನನ್ನು ಕೇಳಬೇಡಿ ಎಂದು ಸೆರಗು ಬಾಯಿಗೆ ಒತ್ತಿಕೊಂಡೇ ಎಚ್ಚರಿಸಿದರು. ಹರಿಹರ ಮುಟ್ಟುವ ಹೊತ್ತಿಗೆ ಎಲ್ಲರ ಕುಂಕುಮವೂ ಹಣೆಯಿಂದ ಹುಬ್ಬಿಗೆ ಇಳಿದಿತ್ತು.

ಬಸ್ ಸ್ಟ್ಯಾಂಡಿನ ಮುಂದೆ ವಾಣಿ ತಟ್ಟೆ ಹಿಡಿದು ನಿಂತಿದ್ದಳು. ಗಾಡಿ ನಿಂತಿತು. ವಾಣಿ ಹಿಂದಿನ ಬಾಗಿಲು ತೆಗೆದಳು. ಒಳಗಿದ್ದ ಮೂವರು ಅವಳನ್ನು ನೋಡಿದರು, ಅವಳು ಅವರನ್ನು ನೋಡಿದಳು. ಸರಿರಿ ಎಂದರೆ ಸರಿಯಲು ಜಾಗವೆಲ್ಲಿ? ಮೂವರೂ ಉಂಡು ತಿಂದು ಚೆನ್ನಾಗಿದ್ದ ಮನೆಯವರು. ವಾಣಿ ಒಂದು ತೊಡೆಯನ್ನು ಒಳಗಿಟ್ಟಳು, ಬಾಗಿಲು ಹಾಕಲಾಗಲಿಲ್ಲ. ಸೀರೆಯ ಅಂಚು ಸಿಕ್ಕಿತು, ತಟ್ಟೆಯ ಬಳೆಗಳು ಚೆಲ್ಲಿದವು. ಇಳಿದಳು. ವಾಣಿಗೆ ಆಟೊ ಮಾಡೋಣ ಎಂದು ಲಕ್ಷ್ಮೀದೇವಿಯ ತಂಗಿ ಸೂಚಿಸಿದ್ದೇ ತಡ, ಶಾಸ್ತ್ರದ ಅಕ್ಕ ಸೆರಗು ಬಾಯಿಂದ ತೆಗೆದರು.

"ಐದೂ ಮಂದಿ ಒಂದೇ ಗಾಡ್ಯಾಗೆ ಬಂದು, ಒಟ್ಟಿಗೆ ಇಳಿದು, ಒಟ್ಟಿಗೆ ಹೊಸ್ತಿಲು ದಾಟಬೇಕು. ನಮ್ಮ ಮನ್ಯಾಗೆ ಹಿಂದಿನಿಂದ ಹಂಗೇ ಬಂದೈತೆ."

ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಎಲ್ಲರೂ ಸೇರಿ ಶಿವಮೂರ್ತಪ್ಪನವರ ಮುಖ ನೋಡಿದರು. ಐದು ಸೀಟು, ಐದು ಮುತ್ತೈದೆಯರು. ಲೆಕ್ಕ ಸರಿಯಾಗಿಯೇ ಇತ್ತು. ಹೆಚ್ಚಾಗಿದ್ದವರು ಇವರೊಬ್ಬರು.

ಸಹನಾ ಮೆಲ್ಲಗೆ ಹೇಳಿದಳು, "ಅಂಕಲ್, ನಾ ಓಡಿಸ್ತೀನಿ ಬಿಡ್ರಿ. ಹೊಳೆ ಕಡೆ, ಇಲ್ಲೇ ಹತ್ರ. ಇವರನ್ನ ಇಳಿಸಿ ಬಂದು ನಿಮ್ಮನ್ನ ಕರ್ಕೊಂಡು ಹೋಗ್ತೀನಿ."

ಅವರು ಇಳಿದರು. ಅವರ ಜಾಗದಲ್ಲಿ ಸಹನಾ ಕುಳಿತಳು, ಅವಳ ಜಾಗದಲ್ಲಿ ವಾಣಿ ಕುಳಿತಳು. ಗಾಡಿ ಮುಂದಿನ ಹಂಪನ್ನು ನೆಟ್ಟಗೆ ಹಾರಿ ತಿರುವಿನಲ್ಲಿ ಮರೆಯಾಯಿತು. ತಮ್ಮ ಫೋನು ಗಾಡಿಯಲ್ಲೇ ಉಳಿಯಿತೆಂದು ಅವರಿಗೆ ಆಮೇಲೆ ನೆನಪಾಯಿತು.

ಕಾದರು. ಸಹನಾ ಬರಲಿಲ್ಲ. ಬರುವುದಾದರೂ ಹೇಗೆ? ಐವರಲ್ಲಿ ಅವಳೂ ಒಬ್ಬಳು. ಒಳಗೆ ಹೋದ ಮೇಲೆ ಉಡಿ ತುಂಬಿ, ಆರತಿ ಎತ್ತಿ, ಹಾಡು ಹೇಳಿ ಮುಗಿಸುವವರೆಗೆ ಏಳುವಂತಿಲ್ಲ. ಇದು ಶಿವಮೂರ್ತಪ್ಪನವರಿಗೂ ಗೊತ್ತಿತ್ತು. ಹುಡುಗಿಯ ಮನೆ ಹೊಳೆಯ ಕಡೆ ಎಂಬುದು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಹುಡುಕಿಕೊಂಡು ಹೋದರೆ ಅಷ್ಟರಲ್ಲಿ ಗಾಡಿ ಇಲ್ಲಿಗೆ ಬಂದುಬಿಟ್ಟರೆ? ಪಾಪ, ಸಹನಾ ಹುಡುಕಾಡಬೇಕು. ಹೀಗೆ ಯೋಚಿಸಿ ಶಲ್ಯ ಹೊದ್ದುಕೊಂಡು ಒಂದೇ ಕಡೆ ನಿಂತರು. ಯಾವುದೋ ಊರಿನ ಮುದುಕಿ ಬಂದು, ಭಾನುವಳ್ಳಿ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು. ಶುಭ್ರವಾಗಿ ನಿಂತವರನ್ನು ಕಂಡು ಬಸ್ಸಿನ ಕಂಟ್ರೋಲರ್ ಎಂದುಕೊಂಡಿರಬೇಕು. ಗಾಡಿ ಹೋದ ಮೇಲೆ ತಮ್ಮನ್ನು ಮಾತಾಡಿಸಿದವಳು ಅವಳೊಬ್ಬಳೇ ಎಂದು, ಗೊತ್ತಿಲ್ಲದಿದ್ದರೂ ವಿಚಾರಿಸಿಕೊಂಡು ಬಂದು ಹೇಳಿದರು.

ಬಿಸಿಲು ನೆತ್ತಿಗೆ ಬಂದು ಇಳಿಯಿತು. ಅಲ್ಲಿ ಹೋಳಿಗೆ ಬಡಿಸುತ್ತಿರುವ ಹೊತ್ತಿಗೆ ಇಲ್ಲಿ ಅವರು ಕಾಗದದ ಪೊಟ್ಟಣದಲ್ಲಿ ಮಂಡಕ್ಕಿ, ಜೊತೆಗೆ ಎರಡು ಮಿರ್ಚಿ ಬಜ್ಜಿ ತಿಂದರು. ಕೊಟ್ರಮ್ಮ ನೆನಪಾದಳು. ಅವಳಿದ್ದಿದ್ದರೆ ಮುತ್ತೈದೆಯರಲ್ಲಿ ಅವಳೂ ಒಬ್ಬಳಾಗುತ್ತಿದ್ದಳು. ಆಗಲೂ ತಾವು ಇಳಿಯಲೇಬೇಕಿತ್ತು, ಲೆಕ್ಕವೇನೂ ಬದಲಾಗುತ್ತಿರಲಿಲ್ಲ. ಆದರೆ ಗಾಡಿ ಹೊರಡುವ ಮೊದಲು ಕಿಟಕಿ ಇಳಿಸಿ, ಊಟ ಎಲ್ಲಿ ಮಾಡ್ತೀರಿ ಎಂದು ಕೇಳುತ್ತಿದ್ದಳು. ಖಾರ ಹತ್ತಿದ್ದಕ್ಕೋ ಏನೋ ಕಣ್ಣಲ್ಲಿ ನೀರು ಬಂತು.

ಸಂಜೆಯ ಹೊತ್ತಿಗೆ ಆಸೆ ಬಿಟ್ಟು ದಾವಣಗೆರೆಯ ಬಸ್ಸು ಹತ್ತಿದರು. ಕಿಟಕಿ ಪಕ್ಕ ಜಾಗ ಸಿಕ್ಕಿತು. ಎತ್ತರ ಎಂದರೆ ಇದು ಎತ್ತರ, ರೋಡು ನಿಜವಾಗಿಯೂ ದೂರದವರೆಗೆ ಕಾಣುತ್ತಿತ್ತು. ಅರ್ಧ ದಾರಿಯಲ್ಲಿ ಹಿಂದಿನಿಂದ ಹಾರನ್ನು ಕೇಳಿ ಕೆಳಗೆ ನೋಡಿದರೆ, ಬಸ್ಸನ್ನು ಹಿಂದೆ ಹಾಕಿ ಹೋಗುತ್ತಿರುವುದು ಅವರದೇ ಗಾಡಿ. ಅದರ ನೆತ್ತಿಯನ್ನು ಅವರು ನೋಡಿದ್ದು ಅದೇ ಮೊದಲು. ಒಳಗೆ, ಅಣ್ಣನ ಮನೆಗೆಂದು ಹೊರಟ ವಾಣಿಯೂ ಸೇರಿ ಐವರೂ ಏನೋ ಮಾತಿಗೆ ಬಿದ್ದು ಬಿದ್ದು ನಗುತ್ತಿದ್ದರು. ಇವರು ಕಿಟಕಿಯಿಂದ ಕೈ ಬೀಸಿದರು. ಮೇಲೆ ನೋಡುವ ಅಗತ್ಯ ಯಾರಿಗೂ ಬೀಳಲಿಲ್ಲ.

ಮನೆ ಮುಟ್ಟಿದಾಗ ಗಾಡಿ ಲಕ್ಷ್ಮೀದೇವಿಯ ಗೇಟಿನ ಮುಂದೆ ನಿಂತಿತ್ತು. ಆಕೆ ಡಬ್ಬಿಯಲ್ಲಿ ಹೋಳಿಗೆ, ಜೊತೆಗೆ ಅವರ ಫೋನು, ಕೀಲಿ ಹಿಡಿದು ಬಂದರು. ಮುಖದಲ್ಲಿ ನಿಜವಾದ ಕಳವಳವಿತ್ತು. ಶಾಸ್ತ್ರ ಮುಗಿದ ಕೂಡಲೇ ಫೋನು ಹಚ್ಚಿದೆವು, ನೀವು ಎತ್ತಲೇ ಇಲ್ಲ, ಬೇಜಾರಾಗಿ ಊರಿಗೆ ಹೋದಿರೇನೋ ಅಂದುಕೊಂಡೆವು ಎಂದರು. ಆ ಫೋನು ಹುಡುಗಿಯ ಮನೆ ಮುಂದೆ, ಬಾಗಿಲು ಹಾಕಿದ ಗಾಡಿಯೊಳಗೆ ಕೂಗಿಕೊಂಡು ಸುಮ್ಮನಾಗಿತ್ತು. ವಾಪಸ್ ಬರುವಾಗ ಅದು ಸೀಟಿನ ಕೆಳಗೆ, ಉಂಡಿಯ ಪಕ್ಕದಲ್ಲಿ ಸಿಕ್ಕಿತಂತೆ.

ಶಿವಮೂರ್ತಪ್ಪನವರು ಪರವಾಗಿಲ್ಲ ತಾಯಿ ಎಂದರು. ಸಂಬಂಧ ಕೂಡಿ ಬಂತಲ್ಲ, ಅದು ಮುಖ್ಯ ಎಂದರು. ಆಕೆ ಹೊರಟವರು, ಅವರ ಮುಖ ನೋಡಿ ನಿಂತರು. ಏನಾದರೂ ಸಮಾಧಾನದ ಮಾತು ಹೇಳಬೇಕೆನಿಸಿತು.

"ಗಾಡಿ ಭಾಳ ಚೊಲೋ ಐತ್ರಿ ಅಣ್ಣಾರೆ, ಮಂಡಿ ಒಂಚೂರೂ ನೋಯಲಿಲ್ಲ. ಆದ್ರೆ ನೀವು ಏಳು ಸೀಟಿಂದು ತಗೋಬೇಕಾಗಿತ್ತು. ಏಳು ಸೀಟಿಂದು ಆಗಿದ್ರೆ ನಿಮ್ಮನ್ನೂ ಕರ್ಕೊಂಡು ಹೋಗ್ತಿದ್ವಿ."

ಆಕೆ ಹೋದ ಮೇಲೆ ಅವರು ಗಾಡಿಯನ್ನು ತಮ್ಮ ಗೇಟಿಗೆ ತರಲು ಹತ್ತಿದರು. ಸಹನಾ ಸೀಟನ್ನು ಮುಂದೆ ಎಳೆದುಕೊಂಡಿದ್ದಳು. ಮಂಡಿ ಸ್ಟೇರಿಂಗಿಗೆ ತಾಗಿತು. ಸೀಟು ಸರಿಪಡಿಸಿಕೊಳ್ಳದೆ ಹಾಗೆಯೇ ಕುಳಿತರು. ಒಳಗೆ ಇನ್ನೂ ಮಲ್ಲಿಗೆ ವಾಸನೆ ಇತ್ತು. ಬಹಳ ಹೊತ್ತು ಯೋಚಿಸಿ, ಗಾಡಿ ಕೊಟ್ಟ ಷೋರೂಮಿನ ಕೃತಿಕಾ ಎಂಬ ಹುಡುಗಿಗೆ ಫೋನು ಮಾಡಿದರು. ಇದನ್ನು ವಾಪಸ್ ತಗೊಂಡು ಏಳು ಸೀಟಿನದು ಕೊಡಲು ಆಗುತ್ತದೆಯೇ ಎಂದು ವಿಚಾರಿಸಿದರು. ಹುಡುಗಿಗೆ ಆಶ್ಚರ್ಯವಾಗಿರಬೇಕು. ಆದರೂ ನಯವಾಗಿ ಕೇಳಿದಳು.

"ಮನೆಯಲ್ಲಿ ಎಷ್ಟು ಜನ ಇದೀರಿ ಸಾರ್?"

ಶಿವಮೂರ್ತಪ್ಪನವರು ಹಿಂದಿನ ಸೀಟಿನ ಕಡೆ ಒಮ್ಮೆ ತಿರುಗಿ ನೋಡಿ, ಐವರ ಜೊತೆಗೆ ಕೊಟ್ರಮ್ಮನನ್ನೂ ಎಣಿಸಿಕೊಂಡರು.

"ಆರು ಮಂದಿ ಅದೀವಮ್ಮ," ಎಂದರು. "ನನ್ನನ್ನೂ ಹಿಡಿದ್ರೆ ಏಳು."