ಲಿಫ್ಟಿನ ದನಿಗೆ ಐದು ಸ್ವರ

ಎಲ್ಲ ಕೆಟ್ಟದ್ದು ಒಂದು ಎಕಾರದಿಂದ.

ಲಿಫ್ಟಿನೊಳಗೆ 'ಬಾಗಿಲು ಮುಚ್ಚುತ್ತಿದೆ' ಎನ್ನುವ ಗಂಡುದನಿಗೆ ಒಂದು ಮೈ ಇದೆ, ಆ ಮೈಗೆ ಹೆಂಡತಿ ಇದ್ದಾಳೆ ಎಂದು ಯಾರೂ ಯೋಚಿಸುವುದಿಲ್ಲ. ದನಿಯಪ್ಪ ಎಂದೇ ಎಲ್ಲರೂ ಕರೆಯುತ್ತಿದ್ದ ನಮ್ಮ ಬಡಪಾಯಿಗೆ ಆ ದನಿ ಬಿಟ್ಟರೆ ಬೇರೆ ಬಂಡವಾಳವಿರಲಿಲ್ಲ. ಈಗ ಲಿಫ್ಟ್ ಕಂಪನಿಗೆ ಸ್ಪ್ಯಾನಿಷ್ ಮಾತಾಡುವ ದೇಶದಿಂದ ದೊಡ್ಡ ಆರ್ಡರ್ ಬಂದಿತ್ತು.

"ಹೋದ ತಿಂಗಳು ವ್ಯಂಜನ ಎಲ್ಲಾ ಚೆನ್ನಾಗಿ ಹೇಳಿದ್ರಿ," ಎಂದಿದ್ದರು ಮ್ಯಾನೇಜರು. "ಇನ್ನು ಆ ಭಾಷೇಲಿರೋ ಐದೇ ಸ್ವರ ಕಣ್ರೀ. ಅ, ಎ, ಇ, ಒ, ಉ. ಚಿಕ್ಕದಾಗಿ, ಶುದ್ಧವಾಗಿ, ಹಿಂದೆ ಮುಂದೆ ಏನೂ ಅಂಟದೆ. ಸರಿಯಾಗಿ ಹೇಳಿದ್ರೆ ನಿಮ್ಮ ದನಿ ಕಂಪನೀಲೇ ಉಳಿಯತ್ತೆ, ನನ್ನ ಮಾತು. ಇಲ್ಲಾಂದ್ರೆ ಬೇರೆಯವರನ್ನ ನೋಡ್ತೀವಿ."

ಕೇಳುವುದಕ್ಕೆ ಸುಲಭ. ಆದರೆ ದನಿಯಪ್ಪ 'ಎ' ಎಂದರೆ 'ಯೆ' ಬರುತ್ತಿತ್ತು, 'ಒ' ಎಂದರೆ 'ವೊ'. ಹುಟ್ಟಿದಾಗಿನಿಂದ 'ಯೆಲ್ಲಿ', 'ವೊಂದು' ಎಂದೇ ಬೆಳೆದ ನಾಲಿಗೆ, ಕರೆಯದೇ ಬರುವ ನೆಂಟರಂತೆ ಯಕಾರ ವಕಾರಗಳನ್ನು ಒಳಗೆ ಬಿಟ್ಟುಕೊಳ್ಳುತ್ತಿತ್ತು.

ಬೆಳಿಗ್ಗೆಯೇ ಬಚ್ಚಲುಮನೆಯ ಕನ್ನಡಿಯೆದುರು ಶುರುಮಾಡಿದ.

"ಏನ್ರೀ, ಹಲ್ಲುನೋವಾ?" ಎಂದಳು ಹೆಂಡತಿ.

"ಕೆಲಸ ಕಣೇ."

"ಹಾಗಾದ್ರೆ ಸರಿಯಾಗಿ ಹೇಳಿ. ಇದು ಹೋದ್ರೆ ಇನ್ನೇನು ಬರತ್ತೆ ನಿಮಗೆ?"

ಅವನು ಮತ್ತೆ ಕನ್ನಡಿಯತ್ತ ತಿರುಗಿ 'ಯೆ' ಎಂದ.

ಅಷ್ಟರಲ್ಲಿ ಈ ಸದ್ದು ಕೇಳಿ ಕೆಳಗಿನ ಮನೆಯ ನಿವೃತ್ತ ಸಂಗೀತದ ಮೇಷ್ಟ್ರು ಬಾಗಿಲು ತಟ್ಟದೆಯೇ ಬಂದರು. ಶಿಷ್ಯರಿಲ್ಲದೆ ಒಣಗಿಹೋಗಿದ್ದ ಅವರಿಗೆ ದನಿಯಪ್ಪ ತಾನಾಗಿ ಸಿಕ್ಕ ಬೇಟೆ. ಅವನ ಗಲ್ಲ ಹಿಡಿದು ಅಲ್ಲಾಡಿಸಿ ನೋಡಿದರು.

"ದವಡೆ ಬಿಗಿದಿದೆ ಕಣಪ್ಪಾ. ಈ ಬಿರಡೆ ಕಚ್ಕೊಂಡು ಹೇಳು. ಬಾಯಿ ಎಷ್ಟು ಅಗಲ ಆದ್ರೆ ಸ್ವರ ಅಷ್ಟು ಶುದ್ಧ."

ಬಾಟಲಿಯ ಬಿರಡೆ ಕಚ್ಚಿಕೊಂಡು ಮಧ್ಯಾಹ್ನದವರೆಗೆ ಕಿರುಚಿದ. ಪಕ್ಕದ ಮನೆಯಾಕೆ ಕಿಟಕಿ ಮುಚ್ಚಿಕೊಂಡಳು. ಬಸ್ಸಿನಲ್ಲೂ ಕಚ್ಚಿಕೊಂಡೇ ಕೂತ. ಪಕ್ಕದಲ್ಲಿದ್ದವನು ಎದ್ದು ಹೋಗಿ ದೂರ ನಿಂತ. ದವಡೆ ಸುಡುತ್ತಿತ್ತು. ಕೆಲಸ ಉಳಿದರೆ ದವಡೆ ಹೋದರೂ ಹೋಗಲಿ ಎಂದುಕೊಂಡ. ಹಾಗೆ ಅಂದುಕೊಳ್ಳಬಾರದಿತ್ತು.

ರೆಕಾರ್ಡಿಂಗ್ ಕೋಣೆಯಲ್ಲಿ ಆಪರೇಟರ್ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ. "ಯಕಾರ ನುಸುಳ್ತಿದೆ ಸಾರ್, ಇನ್ನೊಂದ್ಸಲ," ಎನ್ನುತ್ತಲೇ ಇದ್ದ. ಕೊನೆಗೂ, ಬೆವರು ಕಿತ್ತುಕೊಂಡು ಬಂದಮೇಲೆ, ಎ ಎಕಾರವಾಗಿಯೇ ಬಂತು. ಇ ಬಂತು. ಒ ಕೂಡ ಒಂಟಿಯಾಗಿ ಬಂತು. ಉ ಉರುಳಿತು. ದನಿಯಪ್ಪನ ಕಣ್ಣು ತುಂಬಿತು.

"ಅಕಾರ ಸ್ವಲ್ಪ ಮಂಕು. ಬಾಯಿ ಇನ್ನೂ ಅಗಲ ಮಾಡಿ ಹೇಳಿಬಿಡಿ."

ಮಾಡಿದ. ಕಿವಿಯ ಹತ್ತಿರ ಟಕ್ ಎಂದಿತು. ತೆರೆದ ಬಾಯಿ ತೆರೆದೇ ಉಳಿಯಿತು. ಕೈಯಿಂದ ಒತ್ತಿದ, ಗೋಡೆಗೆ ಗಲ್ಲ ಒತ್ತಿ ನೋಡಿದ. ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ.

ಆಗಲೇ ಮ್ಯಾನೇಜರು ಒಳಗೆ ಬಂದು ರೆಕಾರ್ಡಾಗಿದ್ದ ಐದೂ ಸ್ವರಗಳನ್ನು ಕೇಳಿಸಿಕೊಂಡರು. ಅವರ ಮುಖ ಅರಳಿತು.

"ಭೇಷ್ ಕಣ್ರೀ. ಅಷ್ಟೊಂದು ಬಾಯಿ ಬಿಡ್ಬೇಡಿ, ಇದು ನಿಮ್ಮದೇ ಸಾಧನೆ. ನಾನು ಕೊಟ್ಟ ಮಾತು ಉಳಿಸ್ಕೊಂಡೆ, ನಿಮ್ಮ ದನಿ ಕಂಪನೀಲೇ ಉಳೀತು. ವ್ಯಂಜನ ಇತ್ತು, ಈಗ ಸ್ವರಾನೂ ಬಂತು. ಇನ್ನು ಮಷೀನೇ ಜೋಡಿಸ್ಕೊಂಡು ಏನು ಬೇಕಾದ್ರೂ ಹೇಳತ್ತೆ. ನಾಳೆಯಿಂದ ನೀವು ಬರೋದು ಬೇಡ. ಆರಾಮಾಗಿರಿ."

ಇಷ್ಟು ವರ್ಷ ದುಡಿದದ್ದು, ಹೆಂಡತಿಯ ಪ್ರಶ್ನೆ, ಎಲ್ಲವೂ ಒಟ್ಟಿಗೆ ಗಂಟಲಿಗೆ ಬಂದವು. ಬಾಯಿಂದ ಹೊರಬಿದ್ದದ್ದು ಮಾತ್ರ ಒಂದೇ ಒಂದು 'ಅ'.

ಆಪರೇಟರ್ ಕೈಯೆತ್ತಿದ. "ಸಾರ್, ಮೊದಲಿನದಕ್ಕಿಂತ ಇದೇ ಚೆನ್ನಾಗಿದೆ. ರೆಕಾರ್ಡ್ ಆಯ್ತು."

ದನಿಯಪ್ಪ ತೆರೆದ ಬಾಯಿಗೆ ಕರವಸ್ತ್ರ ಹಿಡಿದುಕೊಂಡು ಲಿಫ್ಟು ಹತ್ತಿದ. ಒಳಗೆ ಅವನದೇ ದನಿ, ನೋವು ನರಳಾಟ ಒಂದೂ ಇಲ್ಲದೆ, ಬಾಗಿಲು ಮುಚ್ಚುತ್ತಿದೆ ಎಂದು ತಿಳಿಸಿತು.